ಬರಿಗೈಯಲ್ಲಿ ಜೀವ ಉಳಿಸುವುದ ಕಲಿಸಿದ ಎಂಜಿನಿಯರ್

ಚಿಕ್ಕೋಡಿ: ನಿಂತ ಹೃದಯಕ್ಕೆ ಎದೆ ಒತ್ತಿ ಮರುಜೀವ ನೀಡುವ ವಿಧಾನವನ್ನು ರೂಪಿಸಿದ ವಿಲಿಯಂ ಕೌವೆನ್‌ಹೋವನ್ ವೈದ್ಯರಲ್ಲ, ವಿದ್ಯುತ್ ಎಂಜಿನಿಯರ್. 1886ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಜನಿಸಿದ ಅವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು.

ಲೈನ್‌ಮನ್‌ಗಳು ಶಾಕ್‌ಗೆ ಬಲಿಯಾಗುತ್ತಿದ್ದುದು 1928ರಲ್ಲಿ ಅವರನ್ನು ಹೃದಯದ ಸಂಶೋಧನೆಗೆ ಎಳೆಯಿತು. ಆಗ ನಿಂತ ಹೃದಯವನ್ನು ಎದೆ ಸೀಳಿ ಅಮುಕಬೇಕಿತ್ತು. 1958ರಲ್ಲಿ ಶಿಷ್ಯ ಗೈ ನಿಕರ್‌ಬಾಕರ್, ಶಾಕ್ ಯಂತ್ರದ ಫಲಕವನ್ನು ನಾಯಿಯ ಎದೆಗೆ ಒತ್ತಿದೊಡನೆ ರಕ್ತದೊತ್ತಡ ಏರಿದ್ದನ್ನು ಗಮನಿಸಿದರು. ಶಸ್ತ್ರವೈದ್ಯ ಜೇಮ್ಸ್ ಜೂಡ್ ಕೈಜೋಡಿಸಿದರು. ಮೂವರೂ 1960ರಲ್ಲಿ ಪ್ರಕಟಿಸಿದ ಲೇಖನವು ಎರಡು ಕೈಗಳಿದ್ದರೆ ಸಾಕೆಂಬುದನ್ನು ಜಗತ್ತಿಗೆ ತಿಳಿಸಿತು. 1969ರಲ್ಲಿ ವಿಶ್ವವಿದ್ಯಾಲಯ ಈ ಎಂಜಿನಿಯರ್‌ಗೆ ಗೌರವ ವೈದ್ಯಕೀಯ ಪದವಿ ನೀಡಿತು. 1975ರಲ್ಲಿ ಅವರು ನಿಧನರಾದರು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹೊಲಮನೆಗಳಲ್ಲಿ ಕುಸಿದವರನ್ನು ಬೆಳಗಾವಿಗೋ ಮಿರಜ್‌ಗೋ ಸಾಗಿಸುವಷ್ಟು ಕಾಲಾವಕಾಶ ನಿಂತ ಹೃದಯಕ್ಕಿಲ್ಲ. ಕರೆದರೂ ಓಗೊಡದೆ, ಸಹಜವಾಗಿ ಉಸಿರಾಡದೆ ಬಿದ್ದವರನ್ನು ಕಂಡರೆ 108ಕ್ಕೆ ಕರೆ ಮಾಡಬೇಕು. ಶಾಕ್ ತಗುಲಿದ್ದರೆ ಮೊದಲು ವಿದ್ಯುತ್ ಕಡಿತಗೊಳಿಸಬೇಕು. ಬಳಿಕ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ವಯಸ್ಕರಿಗೆ ಕನಿಷ್ಠ 5 ಸೆಂ.ಮೀ. ಆಳಕ್ಕೆ ಒತ್ತುತ್ತಿರಬೇಕು. ಆಂಬುಲೆನ್ಸ್ ಬರುವವರೆಗೆ ಮಿದುಳಿಗೆ ರಕ್ತ ಹರಿಸುವುದು ಪಕ್ಕದಲ್ಲಿದ್ದವರ ಕೈಗಳೇ.