ಸಭೆಯ ಸೇವಕನಾದ ಸಂಗೀತಗಾರ ಬಾಖ್

ಜರ್ಮನಿ ದೇಶದ ಐಸನಾಖ್ ಎಂಬ ಪಟ್ಟಣವು ಕ್ರೈಸ್ತ ಸಭೆಯ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಹೆಸರಾಗಿದೆ. ಮಾರ್ಟಿನ್ ಲೂಥರನು ಬಾಲ್ಯದಲ್ಲಿ ವಿದ್ಯಾಭ್ಯಾಸ ಮಾಡಿದುದು ಅಲ್ಲಿ. ಮುಂದೆ 1521-22ರಲ್ಲಿ ಆ ಊರಿನ ಮೇಲಣ ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿದ್ದು ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದುದೂ ಅಲ್ಲಿಯೇ. ಅದೇ ಪಟ್ಟಣದಲ್ಲಿ 1685ನೆಯ ಇಸವಿ ಮಾರ್ಚಿ 21ರಂದು ಯೋಹಾನ್ ಸೆಬಾಸ್ಟಿಯನ್ ಬಾಖನು ಜನಿಸಿದನು. ಈ ಎರಡು ಸಂಗತಿಗಳಿಗೆ ಸಂಬಂಧವುಂಟು. ದೇವಾಲಯದಲ್ಲಿ ಕುಳಿತ ರೈತನೂ ಕಮ್ಮಾರನೂ ಅವರ ಮನೆಯ ಹೆಂಗಸರೂ ಮಕ್ಕಳೂ ತಮ್ಮ ತಾಯ್ನುಡಿಯಲ್ಲಿ ದೇವರನ್ನು ಹಾಡಬೇಕೆಂದು ಲೂಥರನು ಬಯಸಿದನು. 1524ರಿಂದ ಅಂತಹ ಗೀತಗಳ ಪುಸ್ತಕಗಳು ಅಚ್ಚಾದವು. ಕೋರಾಲ್ ಎಂಬ ಹೆಸರಿನ ಆ ಸಭಾಗೀತಗಳು ಬಾಖನ ಕಾಲಕ್ಕೆ ಮನೆಮನೆಯ ಹಾಡುಗಳಾಗಿದ್ದವು. ಆತನ ದೇವಾಲಯ ಸಂಗೀತವು ಬೇರು ಬಿಟ್ಟುದು ಆ ನೆಲದಲ್ಲಿಯೇ.

ಬಾಖನದು ತಲೆಮಾರುಗಳಿಂದ ಬಂದ ವಾದ್ಯಗಾರರ ವಂಶ. 1694ರಲ್ಲಿ ತಾಯಿಯೂ ಮರುವರ್ಷ ತಂದೆಯೂ ತೀರಿಕೊಂಡುದರಿಂದ, ಓರ್ಡ್ರುಫ್ ಎಂಬ ಊರಿನಲ್ಲಿ ಆರ್ಗನ್ ನುಡಿಸುತ್ತಿದ್ದ ಅಣ್ಣನು ಈ ಅನಾಥ ಬಾಲಕನನ್ನು ಸಾಕಿದನು. ಅಣ್ಣನು ಬೀರುವಿನಲ್ಲಿ ಮುಚ್ಚಿಟ್ಟಿದ್ದ ಸಂಗೀತ ಪುಸ್ತಕವೊಂದನ್ನು ಹುಡುಗನು ಸರಳುಗಳ ನಡುವಣಿಂದ ಎಳೆದು ತೆಗೆದು, ಬೆಳದಿಂಗಳಿನಲ್ಲಿ ಆರು ತಿಂಗಳ ಕಾಲ ನಕಲು ಮಾಡಿದನೆಂದೂ, ಸಂಗತಿಯು ಹೊರಬಿದ್ದಾಗ ಆ ನಕಲನ್ನೂ ಕಳೆದುಕೊಂಡನೆಂದೂ 1754ರಲ್ಲಿ ಪ್ರಕಟವಾದ ಚರಿತ್ರೆಯು ಹೇಳುತ್ತದೆ. ಹದಿನೈದನೆಯ ವಯಸ್ಸಿನಲ್ಲಿ ಆತನು ಲೂನೆಬುರ್ಗಿನ ಸಂತ ಮಿಖಾಯೇಲನ ದೇವಾಲಯದ ಗಾಯಕವೃಂದವನ್ನು ಸೇರಿದನು. ಅಲ್ಲಿ ಬಡ ಹುಡುಗರಿಗೆ ಹಾಡುವ ಸೇವೆಗೆ ಪ್ರತಿಯಾಗಿ ಊಟವಸತಿಗಳೂ ವಿದ್ಯೆಯೂ ದೊರೆಯುತ್ತಿದ್ದವು. ಹೀಗೆ ತಂದೆತಾಯಿಗಳಿಲ್ಲದ ಬಾಲಕನನ್ನು ಸಭೆಯೇ ಓದಿಸಿತೆಂದು ಹೇಳಬಹುದು.

1703ರಲ್ಲಿ ಆರ್ನ್‌ಷ್ಟಾಟ್ ಪಟ್ಟಣದವರು ಹದಿನೆಂಟು ವರುಷದ ಈ ತರುಣನನ್ನು ಆರ್ಗನ್ ವಾದಕನನ್ನಾಗಿ ನೇಮಿಸಿದರು. ಎರಡು ವರ್ಷಗಳ ಬಳಿಕ ಆತನು ನಾಲ್ಕು ವಾರಗಳ ರಜೆ ಪಡೆದು, ಬುಕ್ಸ್‌ಟೆಹುಡೆ ಎಂಬ ವೃದ್ಧ ವಿದ್ವಾಂಸನ ವಾದನವನ್ನು ಕೇಳುವ ಆಸೆಯಿಂದ, ನಾನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕಾಲ್ನಡಿಗೆಯಲ್ಲಿ ಸವೆಸಿ ಲ್ಯೂಬೆಕ್ ನಗರಕ್ಕೆ ಹೋದನು. ಹಿಂದಿರುಗುವಾಗ ಸುಮಾರು ನಾಲ್ಕು ತಿಂಗಳುಗಳು ಕಳೆದಿದ್ದವು. ಸಭೆಯ ಅಧಿಕಾರಿಗಳು ಅದಕ್ಕಾಗಿ ಆತನನ್ನು ಪ್ರಶ್ನಿಸಿದುದಲ್ಲದೆ, ಗೀತಗಳ ನಡುವೆ ವಿಚಿತ್ರ ಸ್ವರಗಳನ್ನು ಬೆರಸಿ ಹಾಡುವವರನ್ನು ಗಲಿಬಿಲಿಗೊಳಿಸುತ್ತಾನೆಂದೂ ಆಕ್ಷೇಪಿಸಿದರು. ಅದೇ 1706ರಲ್ಲಿ ಇನ್ನೊಂದು ಆಪಾದನೆಯೂ ಬಂದಿತು: ಗಾಯಕರ ಅಟ್ಟಕ್ಕೆ ಪರಸ್ಥಳದ ಕನ್ನಿಕೆಯೊಬ್ಬಳನ್ನು ಕರೆತಂದು ಹಾಡಗೊಡಿಸಿದನೆಂಬುದು. ಆ ಕಾಲದ ಅಂತಹ ದೇವಾಲಯಗಳಲ್ಲಿ ಸ್ತ್ರೀಯರು ಪೀಠಗಳಲ್ಲಿ ಕುಳಿತು ಸಭೆಯೊಡನೆ ಹಾಡಬಹುದಾಗಿತ್ತು. ಗಾಯಕವೃಂದದಲ್ಲಿ ಅವರಿಗೆ ಸ್ಥಾನವಿರಲಿಲ್ಲ.

1707ರಲ್ಲಿ ಆತನು ತನ್ನ ಬಂಧುವಾದ ಮರಿಯ ಬಾರ್ಬರಾಳನ್ನು ಮದುವೆಯಾದನು. ಮ್ಯೂಲ್‌ಹೌಸನ್ ಮತ್ತು ವೈಮಾರ್ ಪಟ್ಟಣಗಳಲ್ಲಿ ಸೇವೆ ಸಲ್ಲಿಸಿ, 1717ರಲ್ಲಿ ಕ್ಯೋಟನ್ ಸಂಸ್ಥಾನದ ರಾಜಕುಮಾರನ ಆಸ್ಥಾನವನ್ನು ಸೇರಿದನು. ರಾಜಕುಮಾರನು ಸಂಗೀತಪ್ರಿಯನಾದರೂ ಆತನ ಸಭೆಯು ಕಾಲ್ವಿನನ ಮತದ್ದಾದುದರಿಂದ ಆರಾಧನೆಯಲ್ಲಿ ವಿಸ್ತಾರವಾದ ಸಂಗೀತಕ್ಕೆ ಎಡೆಯಿರಲಿಲ್ಲ. 1720ರಲ್ಲಿ ಬಾಖನು ರಾಜಕುಮಾರನೊಡನೆ ಪ್ರವಾಸಕ್ಕೆ ಹೋಗಿ ಮನೆಗೆ ಮರಳಿದಾಗ, ಹೆಂಡತಿಯು ಸತ್ತು ಮಣ್ಣಾಗಿದ್ದಳು. ತಾಯಿಯಿಲ್ಲದ ನಾಲ್ವರು ಮಕ್ಕಳು ಉಳಿದಿದ್ದರು. ಮುಂದಿನ ವರ್ಷದ ಡಿಸೆಂಬರಿನಲ್ಲಿ ಆತನು ಅನ್ನಾ ಮಗ್ದಲೇನಳನ್ನು ವರಿಸಿದನು. ಇಪ್ಪತ್ತು ವರ್ಷ ವಯಸ್ಸಿನ ಈಕೆಯು ಅದೇ ಆಸ್ಥಾನದಲ್ಲಿ ಸಂಬಳ ಪಡೆಯುತ್ತಿದ್ದ ಗಾಯಕಿ.

1723ರಲ್ಲಿ ಲೈಪ್ಸಿಗ್ ನಗರದ ಸಂತ ತೋಮನ ಶಾಲೆಯ ಗಾಯನಗುರುವಿನ ಹುದ್ದೆಯು ಬಾಖನಿಗೆ ದೊರೆಯಿತು. ನಗರಸಭೆಯವರು ಮೊದಲು ಬಯಸಿದುದು ಟೆಲೆಮಾನನನ್ನೂ ಆಮೇಲೆ ಗ್ರೌಪ್ನರನನ್ನೂ. ಅವರಿಬ್ಬರೂ ದೊರೆಯದಿರಲು ಈತನನ್ನು ಒಪ್ಪಿಕೊಂಡರು. ಶಾಲೆಯ ಹುಡುಗರಿಗೆ ಕಲಿಸುವುದು, ನಾಲ್ಕು ದೇವಾಲಯಗಳಿಗೆ ಗಾಯಕರನ್ನು ಒದಗಿಸುವುದು, ಆದಿತ್ಯವಾರಗಳಲ್ಲಿಯೂ ಹಬ್ಬಗಳಲ್ಲಿಯೂ ಅಂದಿನ ವೇದಪಾಠಕ್ಕೆ ಹೊಂದುವ ಕಾಂಟಾಟಾ ಎಂಬ ಗಾನಪ್ರಬಂಧವನ್ನು ನಡೆಸುವುದು ಆತನ ಕೆಲಸ. ಮೊದಲ ವರ್ಷಗಳಲ್ಲಿ ವಾರವಾರವೂ ಹೊಸದನ್ನು ರಚಿಸಿದನು; ಹೆಂಡತಿಯೂ ಮಕ್ಕಳೂ ಶಿಷ್ಯರೂ ಹಾಳೆಗಳನ್ನು ನಕಲು ಮಾಡಿ ಕೊಡುತ್ತಿದ್ದರು. ಹಾಗೆ ಹುಟ್ಟಿದವುಗಳಲ್ಲಿ ಸುಮಾರು ಇನ್ನೂರು ಇಂದಿಗೂ ಉಳಿದಿವೆ. ಅವುಗಳಲ್ಲಿ ಹೆಚ್ಚಿನವು ಸಭೆಗೆ ಪರಿಚಿತವಾದ ಕೋರಾಲೊಂದರಿಂದ ಮುಗಿಯುತ್ತವೆ. ಇದಕ್ಕೆ ಒದಗಿದ ಸಾಧನವಾದರೋ ಅಲ್ಪ. 1730ರಲ್ಲಿ ನಗರಸಭೆಗೆ ಒಪ್ಪಿಸಿದ ಮನವಿಯಲ್ಲಿ ಆತನು ತನ್ನ ಹುಡುಗರನ್ನು ಲೆಕ್ಕ ಹಾಕಿ, 17 ಮಂದಿ ಹಾಡಬಲ್ಲವರು, 20 ಮಂದಿ ಇನ್ನೂ ಕಲಿಯಬೇಕಾದವರು, 17 ಮಂದಿ ಕಲಿಯಲಾರದವರು ಎಂದು ತೋರಿಸಿದನು. ಇಷ್ಟರಲ್ಲಿಯೇ ನಾಲ್ಕು ದೇವಾಲಯಗಳ ಸೇವೆಯು ನಡೆಯಬೇಕಾಗಿತ್ತು.

ಆತನ ಕೃತಿಗಳಲ್ಲಿ ಶ್ರೇಷ್ಠವೆಂದು ಹಲವರು ಎಣಿಸುವ, ಮತ್ತಾಯನ ಸುವಾರ್ತೆಯನ್ನು ಅನುಸರಿಸಿದ ಶ್ರಮಾಗಾನವು 1727ರ ಶುಭ ಶುಕ್ರವಾರದಂದು ಸಂತ ತೋಮನ ದೇವಾಲಯದಲ್ಲಿ ಮೊದಲು ಹಾಡಲ್ಪಟ್ಟಿತೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಎರಡು ಗಾಯಕವೃಂದಗಳೂ ಎರಡು ವಾದ್ಯಮೇಳಗಳೂ ಬೇಕಾದ ಈ ಮಹಾಕೃತಿಯ ನಡುವೆ ಒಂದೇ ಕೋರಾಲಿನ ರಾಗವು ಐದು ಸ್ಥಳಗಳಲ್ಲಿ ಬರುತ್ತದೆ. ಅದಕ್ಕೆ ಹೊಂದಿಸಿದ ಸ್ವರಗಳು ಎಲ್ಲ ಕಡೆಯೂ ಒಂದೇ ಅಲ್ಲ. 1601ರಲ್ಲಿ ಹಾಸ್ಲರನು ಪ್ರೇಮಗೀತೆಯೊಂದಕ್ಕಾಗಿ ಕಟ್ಟಿದ ಆ ರಾಗವನ್ನು ಸಭೆಯು ತನ್ನದಾಗಿಸಿಕೊಂಡಿತ್ತು. ಶಾಸ್ತ್ರವರಿಯದ ಮುದುಕಿಯೂ ಅದನ್ನು ಕೇಳಿದೊಡನೆ ಗುರುತಿಸಬಲ್ಲವಳಾಗಿದ್ದಳು. ಕಠಿನವಾದ ಕಲೆಗೂ ಸಾಮಾನ್ಯ ಜನರ ಹೃದಯಕ್ಕೂ ಬಾಖನು ಸೇತುವೆ ಕಟ್ಟಿದುದು ಈ ಬಗೆಯಿಂದ.

ಇನ್ನು ಅನ್ನಾ ಮಗ್ದಲೇನಳ ವಿಷಯವನ್ನು ನಾವು ಹೇಳದೆ ಇರಲಾರೆವು. ಲೈಪ್ಸಿಗಿಗೆ ಬಂದ ಮೇಲೆ ಆಕೆಗೆ ಗಾಯಕಿಯ ಹುದ್ದೆಯಿರಲಿಲ್ಲ. ಗಂಡನ ಕೃತಿಗಳನ್ನು ಹುಡುಗರ ಸ್ವರದಲ್ಲಿ ದೇವಾಲಯದಲ್ಲಿ ಕೇಳಿದಳು. ತಾನು ಮನೆಯಲ್ಲಿ ಹಾಡಿದಳು. 1725ರಲ್ಲಿ ಆಕೆಗಾಗಿ ಆರಂಭಿಸಿದ ಸಂಗೀತದ ಪುಸ್ತಕದಲ್ಲಿ ನರ್ತನದ ರಾಗಗಳ ಪಕ್ಕದಲ್ಲಿಯೇ ಕೋರಾಲುಗಳಿವೆ. ಹದಿಮೂರು ಮಕ್ಕಳನ್ನು ಹೆತ್ತು, ಅವರಲ್ಲಿ ಏಳು ಮಂದಿಯನ್ನು ಎಳವೆಯಲ್ಲಿಯೇ ಕಳೆದುಕೊಂಡ ಆ ತಾಯಿಯು ನಕಲು ಮಾಡುವ ಲೇಖನಿಯನ್ನು ಕೈಬಿಡಲಿಲ್ಲ. ಚೆಲ್ಲೋ ವಾದ್ಯಕ್ಕಾಗಿ ಬಾಖನು ರಚಿಸಿದ ಆರು ಪ್ರಬಂಧಗಳ ಸ್ವಹಸ್ತ ಪ್ರತಿಯು ಕಳೆದುಹೋಗಿದೆ. ಅವುಗಳನ್ನು ಅರಿಯಲು ಆಕೆಯ ಕೈಬರಹವೇ ನಮಗೆ ಮುಖ್ಯ ಆಧಾರ.

ಕಡೆಯಲ್ಲಿ ಬಾಖನ ದೃಷ್ಟಿಯು ಮಂದವಾಯಿತು. ಎರಡು ಬಾರಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೂ ಗುಣವಾಗದೆ, 1750ರ ಜುಲೈ 28ರಂದು ಆತನು ಮೃತನಾದನು. ಸಮಾಧಿಗೆ ಗುರುತಿನ ಕಲ್ಲೂ ಇರಲಿಲ್ಲ. ವಿಧವೆಯು ತನ್ನ ಪಾಲಿಗೆ ಬಂದ ಕಾಂಟಾಟಾಗಳ ಹಾಳೆಗಳನ್ನು ಸಂತ ತೋಮನ ಶಾಲೆಗೆ ಒಪ್ಪಿಸಿದಳು. ಅವು ಇಂದಿಗೂ ಲೈಪ್ಸಿಗಿನಲ್ಲಿ ಉಳಿದಿವೆ. ಆಕೆಯು ಹತ್ತು ವರ್ಷಗಳ ಕಾಲ ಬಡತನದಲ್ಲಿ ಬದುಕಿ, 1760ರಲ್ಲಿ ಧರ್ಮಾರ್ಥದ ಸಹಾಯದಿಂದ ಜೀವಿಸುತ್ತಿದ್ದ ಹೆಂಗಸಾಗಿ ತೀರಿಕೊಂಡಳು. ಆಕೆಯ ಕೈಬರಹವನ್ನು ಕಾಪಾಡಿದ ಲೋಕವು ಆಕೆಯನ್ನು ಕಾಪಾಡಲಿಲ್ಲವೆಂಬುದನ್ನು ನೆನೆದರೆ ನಮ್ಮ ಮನಸ್ಸು ನೋಯುತ್ತದೆ.

ಶ್ರಮಾಗಾನವು ಬಹುಕಾಲ ಮರೆಯಾಗಿದ್ದಿತು. ಬರ್ಲಿನಿನಲ್ಲಿದ್ದ ಯೆಹೂದಿ ಮನೆತನದ ಇಬ್ಬರು ಸೋದರಿಯರು ಬಾಖನ ಸಂಗೀತವನ್ನು ಪ್ರೀತಿಸಿದವರು. ಸಾರಾ ಲೇವಿಯು ಬಾಖನ ಹಿರಿಯ ಮಗನ ಶಿಷ್ಯೆ. ಆಕೆಯು ತಾನು ಕೂಡಿಸಿದ ಹಸ್ತಪ್ರತಿಗಳನ್ನು 1791ರಲ್ಲಿ ಸ್ಥಾಪಿತವಾದ ಜಿಂಗ್ ಅಕಾಡೆಮಿ ಎಂಬ ಗಾಯನ ಸಂಘಕ್ಕೆ ದಾನಮಾಡಿದಳು. ಆಕೆಯ ಸೋದರಿ ಬೆಲ್ಲಾ ಸಾಲೊಮೋನಳು ಶ್ರಮಾಗಾನದ ಪ್ರತಿಯೊಂದನ್ನು ಮೊಮ್ಮಗನಾದ ಫೆಲಿಕ್ಸ್ ಮೆಂಡೆಲ್ಸೋನನಿಗೆ ಕಾಣಿಕೆಯಾಗಿ ಕೊಟ್ಟಳು. ಇಪ್ಪತ್ತು ವರ್ಷದ ಆ ತರುಣನು 1829ರ ಮಾರ್ಚಿ 11ರಂದು ಆ ಸಂಘದವರಿಂದ ಅದನ್ನು ಹಾಡಿಸಿದನು. ಆ ಸಂಘದಲ್ಲಿ ಸ್ತ್ರೀಪುರುಷರು ಕೂಡಿ ಹಾಡುತ್ತಿದ್ದರು. ಫೆಲಿಕ್ಸನ ಅಕ್ಕ ಫ್ಯಾನಿಯೂ ಆ ದಿನ ಅವರ ನಡುವೆ ನಿಂತಿದ್ದಳು. ಲೈಪ್ಸಿಗಿನ ಗಾಯಕರ ಅಟ್ಟದಲ್ಲಿ ಕೇಳಬಾರದಾಗಿದ್ದ ಸ್ತ್ರೀಕಂಠದಲ್ಲಿಯೇ ಆ ಕೃತಿಗೆ ಎರಡನೆಯ ಜನ್ಮವಾಯಿತು.

ಇದಾಗಿ ಐದು ವರ್ಷಗಳಿಗೆ, 1834ರಲ್ಲಿ, ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು. ಅವರೊಡನೆ ಜರ್ಮನ್ ಕೋರಾಲುಗಳ ರಾಗಗಳೂ ಬಂದು ಕನ್ನಡದ ಮಾತುಗಳನ್ನು ತೊಟ್ಟುಕೊಂಡವು. ನಮ್ಮ ದೇವಾಲಯಗಳ ಗಾಯಕವೃಂದಗಳಲ್ಲಿ ಹೆಣ್ಣುಮಕ್ಕಳು ನಿಂತು ಹಾಡುವುದು ಈಗ ಯಾರಿಗೂ ವಿಚಿತ್ರವೆನಿಸದು. ಆದರೆ ಆ ಸ್ಥಾನವು ಬಹುಕಾಲ ಕಾದು ದೊರೆತದ್ದು. ನಮ್ಮ ಶಾಲೆಯಿಂದ ಹೊರಟ ಸೋದರಿಯರು ಅದನ್ನು ನೆನಪಿನಲ್ಲಿಟ್ಟುಕೊಂಡು, ಆದಿತ್ಯವಾರದ ಹಾಡನ್ನು ಅಲಕ್ಷ್ಯದಿಂದ ಹಾಡದೆ ಅಭ್ಯಾಸಮಾಡಿ ಹಾಡಲಿ; ತಂದೆತಾಯಿಗಳು ಮಗಳ ಸಂಗೀತದ ಪುಸ್ತಕವನ್ನು ಮದುವೆಯಾದೊಡನೆ ಪೆಟ್ಟಿಗೆಗೆ ಸೇರಿಸದಿರಲಿ. ಬಾಖನು ತನ್ನ ದೇವಾಲಯ ಕೃತಿಗಳ ಕೊನೆಯಲ್ಲಿ, ಮಹಿಮೆಯು ದೇವರೊಬ್ಬನಿಗೇ ಸಲ್ಲಲಿ ಎಂಬ ಅರ್ಥದ ಮೂರು ಅಕ್ಷರಗಳನ್ನು ಬರೆಯುವ ವಾಡಿಕೆಯುಳ್ಳವನಾಗಿದ್ದನು. ಅಂತಹ ಮನಸ್ಸಿನಿಂದ ಮಾಡಿದ ವಾರವಾರದ ಕೆಲಸವು ಮೂರು ಶತಮಾನಗಳನ್ನು ದಾಟಿ ನಮ್ಮವರೆಗೂ ಬಂದಿದೆ.