ಮೋರಿಸ್ ಮೆರ್ಲೋ-ಪೊಂಟಿ: ಅರಿಯುವ ದೇಹದ ದಾರ್ಶನಿಕ

ಸಾರ್ತ್ರ, ಕಾಮು ಇವರ ಹೆಸರುಗಳು ನವ್ಯ ಸಾಹಿತ್ಯದ ದಿನಗಳಿಂದಲೂ ಕನ್ನಡ ಓದುಗರಿಗೆ ಪರಿಚಿತ. ಅವರ ಸಮಕಾಲೀನರಾಗಿ, ಅವರಿಗಿಂತ ಮೆಲುದನಿಯಲ್ಲಿ ಮಾತನಾಡಿದ ಮೋರಿಸ್ ಮೆರ್ಲೋ-ಪೊಂಟಿಯವರನ್ನು ನಾವು ಅಷ್ಟಾಗಿ ಓದಿದವರಲ್ಲ. ಆದರೆ ಮನಸ್ಸು ತಲೆಯೊಳಗೆ ಕುಳಿತ ಯಂತ್ರವಲ್ಲ, ಇಡೀ ದೇಹವು ಲೋಕದೊಡನೆ ನಡೆಸುವ ವ್ಯವಹಾರವೇ ಅರಿವು ಎಂಬ ಇಂದಿನ ವಿಚಾರಧಾರೆಯ ಮೂಲವನ್ನು ಅರಸಿ ಹೊರಟರೆ ಅವರನ್ನು ದಾಟಿ ಹೋಗಲಾಗದು.

ಅವರು ಹುಟ್ಟಿದ್ದು 1908ರ ಮಾರ್ಚ್ 14ರಂದು, ಫ್ರಾನ್ಸಿನ ಪಶ್ಚಿಮ ಕರಾವಳಿಗೆ ಸಮೀಪದ ರೋಶ್‌ಫೋರ್ ಪಟ್ಟಣದಲ್ಲಿ. 1913ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿಯ ಆಸರೆಯಲ್ಲಿ ಬೆಳೆದರು. ಪ್ಯಾರಿಸಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಸಾರ್ತ್ರ ಮತ್ತು ಸಿಮೋನ್ ದ ಬೊವಾ ಅವರ ಪರಿಚಯವಾಯಿತು. ಬೊವಾ ಅವರ ಪ್ರಾಣಸ್ನೇಹಿತೆ ಎಲಿಜಬೆತ್ ಲಕ್ವಾನ್‌ಳನ್ನು ಮದುವೆಯಾಗಬೇಕೆಂಬುದು ತರುಣ ಮೋರಿಸರ ಹಂಬಲ. ಕನ್ಯೆಯ ಮನೆಯವರು ವರನ ಹುಟ್ಟಿನ ಬಗೆಗೆ ಗುಟ್ಟಾಗಿ ವಿಚಾರಿಸಿ ಸಂಬಂಧವನ್ನು ತಡೆದರು. ತಾಯಿಯ ಮಾನಕ್ಕೆ ಕುಂದು ಬಾರದಿರಲೆಂದು ಅವರು ಮೌನವಾಗಿ ಹಿಂದೆ ಸರಿದರು. 1929ರಲ್ಲಿ ಆ ಹುಡುಗಿ ತನ್ನ 21ನೆಯ ವಯಸ್ಸಿನಲ್ಲೇ ಕಾಯಿಲೆಯಿಂದ ತೀರಿಕೊಂಡಳು. ಅವರ ಹಿಂಜರಿಕೆಯೇ ಇದಕ್ಕೆ ಕಾರಣವೆಂದು ಬೊವಾ ಬಹುಕಾಲ ನಂಬಿದ್ದರು. ನಿಜ ತಿಳಿದುಬಂದದ್ದು ಸುಮಾರು ಮೂರು ದಶಕಗಳ ಅನಂತರ.

ಯುದ್ಧ ಮುಗಿದ 1945ರಲ್ಲಿ ಅವರ ಮಹಾಕೃತಿ ಗ್ರಹಿಕೆಯ ವಿದ್ಯಮಾನಶಾಸ್ತ್ರ ಪ್ರಕಟವಾಯಿತು. ದೇಹ ಬೇರೆ, ಮನಸ್ಸು ಬೇರೆ ಎಂದು ಹದಿನೇಳನೆಯ ಶತಮಾನದಲ್ಲಿ ಡೇಕಾರ್ಟ್ ಎಳೆದ ಗೆರೆಯನ್ನು ಇದು ನಿತ್ಯದ ಅನುಭವಗಳ ಆಧಾರದಿಂದಲೇ ಅಳಿಸುತ್ತದೆ. ಮೊದಲ ಮಹಾಯುದ್ಧದಲ್ಲಿ ತಲೆಗೆ ಪೆಟ್ಟು ತಿಂದ ಷ್ನೈಡರ್ ಎಂಬ ಜರ್ಮನ್ ಸೈನಿಕನ ಪ್ರಕರಣ ಅದರಲ್ಲಿ ಬರುತ್ತದೆ. ಸೊಳ್ಳೆ ಕಚ್ಚಿದರೆ ಅವನ ಕೈ ನೇರ ಅಲ್ಲಿಗೇ ಹೋಗುತ್ತಿತ್ತು. ಕಣ್ಣು ಮುಚ್ಚಿಸಿ ಮೂಗನ್ನು ತೋರಿಸು ಎಂದರೆ ಮಾತ್ರ ತಡಕಾಡುತ್ತಿದ್ದ. ಅಂದರೆ ಕೈಗೆ ತಿಳಿದಿರುವ ಜಾಗವೊಂದು, ಯೋಚಿಸಿ ಗುರುತಿಸಬೇಕಾದ ಜಾಗ ಇನ್ನೊಂದು. ಕುರುಡನಿಗೆ ಊರುಗೋಲು ಒಂದು ವಸ್ತುವಾಗಿ ಉಳಿಯುವುದಿಲ್ಲ, ಅದರ ತುದಿಯಲ್ಲೇ ಅವನ ಸ್ಪರ್ಶವಿರುತ್ತದೆ. ಬೆರಳಚ್ಚು ಬಲ್ಲವರು ಯಾವ ಅಕ್ಷರ ಎಲ್ಲಿದೆಯೆಂದು ಹೇಳಲಾರದಿದ್ದರೂ ಬೆರಳು ತಪ್ಪುವುದಿಲ್ಲ. ಬ್ಯಾಂಕಿನಲ್ಲಿ ದುಡಿಯುವ ನಮಗೆ ಇದು ಹೊಸತೇನಲ್ಲ: ನೋಟಿನ ಕಂತೆಯಲ್ಲಿ ಖೋಟಾ ನೋಟು ಬಂದರೆ ಹಳೆಯ ಕ್ಯಾಷಿಯರರ ಹೆಬ್ಬೆರಳು ಮೊದಲು ನಿಲ್ಲುತ್ತದೆ, ಕಾರಣ ಆಮೇಲೆ ಹೊಳೆಯುತ್ತದೆ.

ಅದೇ ವರ್ಷ ಸಾರ್ತ್ರ, ಬೊವಾ ಮುಂತಾದವರೊಡನೆ ಲೆ ತಾಂ ಮೊಡೆರ್ನ್ ಎಂಬ ಪತ್ರಿಕೆಯನ್ನು ಕಟ್ಟಿ, ಅದರ ರಾಜಕೀಯ ವಿಭಾಗವನ್ನು ಅವರೇ ನೋಡಿಕೊಂಡರು. ಸೋವಿಯತ್ ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳಲು ಹೊರಟು 1947ರಲ್ಲಿ ಅವರು ಬರೆದ ಪುಸ್ತಕ ಮಾಸ್ಕೋ ವಿಚಾರಣೆಗಳ ವಿಷಯದಲ್ಲಿ ಅತಿಯಾದ ಔದಾರ್ಯ ತೋರಿತೆಂದೇ ನಮ್ಮ ಎಣಿಕೆ. 1950ರ ಕೊರಿಯಾ ಯುದ್ಧದಿಂದ ಅವರ ಭ್ರಮೆ ಹರಿಯಿತು. ಸಾರ್ತ್ರರಾದರೋ ಅದೇ ಹೊತ್ತಿಗೆ ಕಮ್ಯುನಿಸ್ಟರತ್ತ ಸರಿಯತೊಡಗಿದ್ದರು. 1953ರ ಹೊತ್ತಿಗೆ ಗೆಳೆತನ ಮುರಿಯಿತು.

ಅಷ್ಟರಲ್ಲಿ, ಸೊರ್ಬಾನ್‌ನಲ್ಲಿ ಮಕ್ಕಳ ಮನಶ್ಶಾಸ್ತ್ರ ಬೋಧಿಸಿದ ಮೇಲೆ, 1952ರಲ್ಲಿ ಕೊಲೇಜ್ ದ ಫ್ರಾನ್ಸ್‌ನಲ್ಲಿ ಒಮ್ಮೆ ಬರ್ಗ್‌ಸನ್ ಅಲಂಕರಿಸಿದ್ದ ತತ್ತ್ವಶಾಸ್ತ್ರ ಪೀಠಕ್ಕೆ ಅವರು ಆಯ್ಕೆಯಾಗಿದ್ದರು. ಕೊನೆಯ ವರ್ಷಗಳ ಚಿಂತನೆ ಇನ್ನೂ ಆಳಕ್ಕಿಳಿಯಿತು. ಬಲಗೈಯಿಂದ ಎಡಗೈಯನ್ನು ಮುಟ್ಟಿಕೊಂಡಾಗ ಮುಟ್ಟುವುದು ಯಾವುದು, ಮುಟ್ಟಿಸಿಕೊಳ್ಳುವುದು ಯಾವುದು? ನೋಡುವವನೂ ಕಾಣುವ ಲೋಕವೂ ಒಂದೇ ಒಡಲಿನ ಎರಡು ಮಡಿಕೆಗಳೆಂಬ ದರ್ಶನವನ್ನು ಅವರು ಬರೆಯತೊಡಗಿದ್ದರು. 1961ರ ಮೇ 3ರಂದು, 53ನೆಯ ವಯಸ್ಸಿನಲ್ಲಿ, ಮೆದುಳಿನ ಆಘಾತದಿಂದ ಹಠಾತ್ತನೆ ತೀರಿಕೊಂಡರು. ಆಗ ಅವರು ಪಾಠಕ್ಕೆಂದು ಸಿದ್ಧಪಡಿಸುತ್ತಿದ್ದುದು ಡೇಕಾರ್ಟನನ್ನೇ ಎನ್ನುತ್ತಾರೆ. ಮುನಿಸು ಮರೆತ ಸಾರ್ತ್ರ ಪತ್ರಿಕೆಯಲ್ಲಿ ದೀರ್ಘವಾದ ಶ್ರದ್ಧಾಂಜಲಿ ಬರೆದರು.

ಅರ್ಧಕ್ಕೆ ನಿಂತ ಹಸ್ತಪ್ರತಿಯನ್ನು ಶಿಷ್ಯ ಕ್ಲೋಡ್ ಲೆಫೋರ್ 1964ರಲ್ಲಿ ಪ್ರಕಟಿಸಿದರು. 1991ರಲ್ಲಿ ಫ್ರಾನ್ಸಿಸ್ಕೊ ವರೇಲಾ, ಇವಾನ್ ಥಾಂಪ್ಸನ್, ಎಲಿನಾರ್ ರಾಷ್ ಜೊತೆಗೂಡಿ ಬರೆದ ದಿ ಎಂಬಾಡಿಡ್ ಮೈಂಡ್ ಎಂಬ ಗ್ರಂಥವು, ಮನಸ್ಸನ್ನು ಗಣಕಯಂತ್ರಕ್ಕೆ ಹೋಲಿಸುವ ಪರಿಪಾಠವನ್ನು ಪ್ರಶ್ನಿಸಲು ಇದೇ ದಾರ್ಶನಿಕರನ್ನು ಮುಂದಿಟ್ಟುಕೊಂಡಿತು. ಜೊತೆಗೆ ನಮ್ಮ ನಾಗಾರ್ಜುನನ ಮಾಧ್ಯಮಿಕ ಬೌದ್ಧ ಚಿಂತನೆಯನ್ನೂ.