ರೇಚಲ್ ಕಾರ್ಸನ್

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬ ಊರಿನಲ್ಲಿ 1907ರ ಮೇ 27ರಂದು ರೇಚಲ್ ಕಾರ್ಸನ್ ಜನಿಸಿದರು. ಮನೆಯಲ್ಲಿ ಸಿರಿತನವಿರಲಿಲ್ಲ, ಹಕ್ಕಿಪಕ್ಷಿಗಳ ಒಲವನ್ನೂ ಪುಸ್ತಕಪ್ರೇಮವನ್ನೂ ತಾಯಿ ಧಾರಾಳವಾಗಿ ಎರೆದರು. ಸಾಹಿತಿಯಾಗಬೇಕೆಂದು ಕಾಲೇಜು ಸೇರಿದ ಈ ತರುಣಿಯನ್ನು ಜೀವಶಾಸ್ತ್ರದತ್ತ ತಿರುಗಿಸಿದವರು ಮೇರಿ ಸ್ಕಾಟ್ ಸ್ಕಿಂಕರ್ ಎಂಬ ಅಧ್ಯಾಪಕಿ. ಅಧ್ಯಾಪಕ ವೃತ್ತಿಯಲ್ಲಿರುವವರು ನೆನೆಯಬೇಕಾದ ಹೆಸರಿದು. 1932ರಲ್ಲಿ ಪ್ರಾಣಿಶಾಸ್ತ್ರದ ಎಂ.ಎ. ಪದವಿ ಲಭಿಸಿತು. 1935ರಲ್ಲಿ ತಂದೆ ತೀರಿಕೊಂಡಾಗ ಸಂಸಾರದ ಹೊರೆ ಹೆಗಲೇರಿತು. ಸರ್ಕಾರದ ಮತ್ಸ್ಯ ಇಲಾಖೆಯ ನೌಕರಿ ಕೈಹಿಡಿಯಿತು. 1951ರಲ್ಲಿ ಪ್ರಕಟವಾದ ಸಮುದ್ರವನ್ನು ಕುರಿತ ಗ್ರಂಥ ಅವರನ್ನು ಲೋಕವಿಖ್ಯಾತರನ್ನಾಗಿಸಿತು.

ಎರಡನೆಯ ಮಹಾಯುದ್ಧದಲ್ಲಿ ಹೇನು ನಿವಾರಣೆಗಾಗಿ ಸೈನಿಕರ ಮೈಮೇಲೆಯೇ ಡಿ.ಡಿ.ಟಿ. ಪುಡಿಯನ್ನು ಎರಚಲಾಗಿತ್ತು. ಯಾರಿಗೂ ತಕ್ಷಣ ಕೇಡಾಗಲಿಲ್ಲ; ಮನುಷ್ಯನಿಗೆ ನಿರಪಾಯವಾದುದು ಸಕಲ ಜೀವಕ್ಕೂ ನಿರಪಾಯವೆಂಬ ಭ್ರಮೆ ಬೇರೂರಿತು. ಒಣಪುಡಿ ಚರ್ಮದೊಳಕ್ಕೆ ಸುಲಭವಾಗಿ ಇಳಿಯದೆಂಬುದನ್ನು ಹೆಚ್ಚಿನವರು ಗಮನಿಸಲಿಲ್ಲ.

ಈ ಭ್ರಮೆಯನ್ನೊಡೆಯಲು ಕಾರ್ಸನ್ ಮುಂದಿಟ್ಟ ನಿದರ್ಶನಗಳಲ್ಲಿ ಕ್ಯಾಲಿಫೋರ್ನಿಯದ ಕ್ಲಿಯರ್ ಲೇಕ್ ಸರೋವರದ ಕಥೆ ಮರೆಯಲಾಗದ್ದು. ಅಲ್ಲಿಯ ನುಸಿಯನ್ನಳಿಸಲು ಡಿ.ಡಿ.ಟಿ.ಯ ಸಮೀಪಬಂಧುವಾದ ಡಿ.ಡಿ.ಡಿ.ಯನ್ನು ಆರಿಸಿದ್ದರು, ಮೀನುಗಳಿಗೆ ಅದರಿಂದ ಅಪಾಯ ಕಡಿಮೆಯೆಂಬುದೇ ಕಾರಣ. 1949ರಲ್ಲಿ ಏಳು ಕೋಟಿ ಪಾಲು ನೀರಿಗೆ ಒಂದು ಪಾಲು, 1954ರಲ್ಲಿ ಐದು ಕೋಟಿಗೆ ಒಂದು ಪಾಲು ಬೆರೆಸಿದರು. ಮೀನುಗಳು ಬದುಕಿದವು, ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮೀನನ್ನು ತಿನ್ನುವ ಗ್ರೀಬ್ ಎಂಬ ಮುಳುಗುಹಕ್ಕಿಗಳು ನೂರಾರು ಸಂಖ್ಯೆಯಲ್ಲಿ ಸತ್ತವು! ರೋಗದ ಸುಳಿವಿರಲಿಲ್ಲ. ಕೊಬ್ಬನ್ನು ಪರೀಕ್ಷಿಸಿದಾಗ ಹತ್ತು ಲಕ್ಷಕ್ಕೆ 1600 ಪಾಲು ವಿಷ ಕಂಡಿತು. ನೀರಿನಲ್ಲಿದ್ದುದಕ್ಕಿಂತ ಎಂಬತ್ತು ಸಾವಿರ ಪಟ್ಟು. ಸೂಕ್ಷ್ಮಜೀವಿಯಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ವಿಷ ಸಾಂದ್ರವಾಗುತ್ತ ಏರಿತ್ತು. ಸಾವಿರಕ್ಕೂ ಮಿಕ್ಕಿದ್ದ ಜೋಡಿಗಳು 1960ರ ಹೊತ್ತಿಗೆ ಮೂವತ್ತರಷ್ಟಾದವು.

1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಹೊರಬಂದಾಗ ರಾಸಾಯನಿಕ ಉದ್ಯಮಿಗಳು ಕೆರಳಿದರು. ಆಗಲೇ ಸ್ತನದ ಕ್ಯಾನ್ಸರ್ ಅವರ ದೇಹವನ್ನು ಜರ್ಜರಗೊಳಿಸಿತ್ತು. ಅದನ್ನು ಹೊರಗೆ ತೋರಗೊಡದೆ 1963ರಲ್ಲಿ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಕೀಟನಾಶಕವನ್ನೇ ಅವರು ನಿಷೇಧಿಸಹೊರಟರೆಂಬ ಅಪವಾದ ಸಲ್ಲದು. ಅವರು ಖಂಡಿಸಿದ್ದು ವಿವೇಚನೆಯಿಲ್ಲದ ಬಳಕೆಯನ್ನು. 1964ರ ಏಪ್ರಿಲ್ 14ರಂದು, 56ನೆಯ ವಯಸ್ಸಿನಲ್ಲಿ ನಿಧನರಾದರು.

ಅವರು ಕಾಣದೆ ಹೋದ ಸಂಗತಿಯೊಂದುಂಟು. ಬ್ರಿಟನ್ನಿನ ಡೆರೆಕ್ ರ್ಯಾಟ್‌ಕ್ಲಿಫ್ 1967ರಲ್ಲಿ ಬೇಟೆಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳುವಾಗಿರುವುದನ್ನು ಪ್ರಕಟಿಸಿದರು. ಕಾರಣ ಡಿ.ಡಿ.ಟಿ.ಯಿಂದ ಹುಟ್ಟುವ ವಸ್ತುವೆಂದು ಬಳಿಕ ಸಿದ್ಧವಾಯಿತು. ಅದೇ ವಸ್ತು ಕೋಳಿಯ ಮೊಟ್ಟೆಯನ್ನು ಅಷ್ಟಾಗಿ ಬಾಧಿಸದು. ಕೋಳಿಯನ್ನಷ್ಟೇ ಪರೀಕ್ಷಿಸಿದ್ದರೆ ಗಿಡುಗನ ಗತಿ ತಿಳಿಯುತ್ತಲೇ ಇರಲಿಲ್ಲ. 1972ರಲ್ಲಿ ಅಮೆರಿಕ ಡಿ.ಡಿ.ಟಿ.ಯ ಕೃಷಿ ಬಳಕೆಯನ್ನು ನಿಷೇಧಿಸಿತು.